ತನ್ನ ದಿನದೂಟ ತಾನೇ ಉಂಡವನು

ಸಿಂಧನೂರು
21 ಜನವರಿ 2025

ಪ್ರೀತಿಯ ವಿರೇಶಣ್ಣನಿಗೆ ನಿನ್ನ ತಂಗಿ ರೂಪಾಳ ನಮಸ್ಕಾರ.

ಮೂರು ವಾರದಿಂದ ಫೋನು ಎತ್ತಿಲ್ಲವೆಂದು ನೀನು ಉರಿದುಕೊಂಡಿರುತ್ತೀ, ಬಲ್ಲೆ. ತಪ್ಪು ನನ್ನದೇ. ಆದರೆ ಇದನ್ನು ಫೋನಿನಲ್ಲಿ ಹೇಳಲು ನನಗೆ ಬಾಯಿ ಬರಲಿಲ್ಲ. ಮಸ್ಕಿಯಲ್ಲಿ ಎಲ್ಲರೂ ಆರಾಮ ಇದ್ದೀರಲ್ಲ? ಅವ್ವನ ಮುಂದೆ ಈ ಕಾಗದ ಓದಬೇಡ.

ಊರೂರಿನ ಸರಕಾರಿ ಲೆಕ್ಕಪತ್ರ ನೋಡುವ ನನ್ನ ತಲಾಟಿ ಕೆಲಸದ ಕಥೆ ನಿನಗೆ ಗೊತ್ತೇ ಇದೆ. ಸುಳ್ಳು ಹೇಳಿ ಪಿಂಚಣಿ ತಿನ್ನುವವರನ್ನು ಹುಡುಕಿ ಕೇಸು ಹಾಕಿ ಎಂದು ಮೇಲಿನವರ ತಾಕೀತು. ಎರಡು ವರ್ಷದ ಹಿಂದೆ ಒಂದು ಮೂಗರ್ಜಿ ಬಂದಿತ್ತು. ತಿಮ್ಮವ್ವ ಎಂಬಾಕೆ ವಿಧವಾ ಪಿಂಚಣಿ ಪಡೆಯುತ್ತಿದ್ದಾಳೆ, ಆಕೆಯ ಗಂಡ ಕನಕರಾಯ ಬದುಕಿದ್ದಾನೆ ಎಂದು. ಊರು ಸಾಲಗುಂದದ ಆಚೆ. ಹೆಸರು ಬೇಡ, ಕೇಸು ಇನ್ನೂ ನಡೆದಿದೆ.

ಮಟಮಟ ಮಧ್ಯಾಹ್ನ ಹೋದೆ. ತಿಮ್ಮವ್ವ ಕಟ್ಟೆಯ ಮೇಲೆ ಅಕ್ಕಿ ಕೇರುತ್ತಿದ್ದಳು. "ಕಾಲುವ್ಯಾಗ ಕೊಚ್ಚಿ ಹೋಗ್ಯಾನ್ರೀ ಅಕ್ಕೋರ, ಆರು ವರ್ಷಾತು" ಎಂದಳು. ಮರಣಪತ್ರ ತೋರಿಸಿದಳು. ಸಾಕ್ಷಿ ಹಾಕಿದ ಐದು ಮಂದಿಯೂ ಬಂದು ನಿಂತರು. ಅವರಲ್ಲಿ ಹಿರಿಯ ಹನುಮಂತರಾಯ, "ಖರೇ ಅದರೀ, ನಾವ ಮಣ್ಣು ಮಾಡೀವಿ" ಎಂದ.

ಅಷ್ಟರಲ್ಲಿ ಬಡಕಲು ಮನುಷ್ಯನೊಬ್ಬ ಬಂದು ನಮ್ಮ ನಡುವೆ ನಿಂತ. ಯಾರೂ ಅವನತ್ತ ನೋಡಲಿಲ್ಲ, ಸರಿದು ಜಾಗ ಮಾತ್ರ ಬಿಟ್ಟರು. ಒಬ್ಬಾಕೆ ಕೂಸಿನ ಮುಖವನ್ನು ಸೆರಗಿನೊಳಗೆ ಎಳೆದುಕೊಂಡಳು. ಅವನು ತಿಮ್ಮವ್ವನ ಪಕ್ಕದ ತಂಬಿಗೆ ಎತ್ತಿ ನೀರು ಕುಡಿದು ಕೆಳಗಿಟ್ಟ. ಅವಳು ಮೊರವನ್ನು ಒಂದು ಕೈಯಲ್ಲಿ ಹಿಡಿದೇ ಇನ್ನೊಂದು ಕೈಯಿಂದ ಉಳಿದ ನೀರು ಚೆಲ್ಲಿದಳು.

"ಈತ ಯಾರು?" ಎಂದೆ.

"ಯಾರ್ರೀ?" ಎಂದರು ಎಲ್ಲರೂ. ಒಬ್ಬರ ಮುಖದಲ್ಲೂ ಅಳುಕಿಲ್ಲ.

ಗಾಡಿಯ ತನಕ ಅವನು ಹಿಂದೆಯೇ ಬಂದ. "ಅಕ್ಕೋರ, ನಾ ನಿಮಗ ಕಾಣಾಕತ್ತೀನೇನ್ರೀ?"

"ಕಾಣದೇನು? ನನ್ನ ಕಣ್ಣೇನು ಹೋಗ್ಯಾವೇನು?" ಎಂದು ರೇಗಿದೆ. ಅಣ್ಣಾ, ಅವನು ಅಲ್ಲೇ ಕುಸಿದು ಕೂತು ಅತ್ತುಬಿಟ್ಟ.

ಅರ್ಜಿ ಬರೆದವನು ಅವನೇ, ಕನಕರಾಯನೇ. ಯಾರೋ ಏಜೆಂಟ ಆಸೆ ಹಚ್ಚಿದ್ದನಂತೆ, ಕಾಗದದ ಮೇಲೆ ಸತ್ತರೆ ಸಾಕು ಎಂದು. ಇವನೂ ಹೂಂ ಎಂದ. ವಿಚಾರಣೆಗೆ ಬಂದವರು ನಂಬಬೇಕಲ್ಲ, ಹುಲ್ಲಿನ ಗೊಂಬೆ ಕಟ್ಟಿ ಮಣ್ಣು ಮಾಡಿದರು, ಬಳೆ ಒಡೆದರು, ಸತ್ತವರಿಗೆ ಮಾಡುವಂತೆ ದಿನ ಮಾಡಿ ಊರಿಗೆಲ್ಲ ಊಟ ಹಾಕಿದರು. ಇವನು ಒಳಗೆ ಅಡಗಿ ಕೂತು ಆ ಊಟ ಉಂಡ. "ಹೋಳಿಗಿ ಛಲೋ ಆಗಿದ್ವುರೀ. ನಗಿ ಬರಾಕತ್ತಿತ್ತು" ಎಂದ.

ಮರುದಿನ ಹೊರಗೆ ಬಂದರೆ ಯಾರೂ ಮಾತಾಡಲಿಲ್ಲ. ದಿನ ಮಾಡಿದ ಮೇಲೆ ಸತ್ತವನನ್ನು ಮಾತಾಡಿಸಿದರೆ ಅವನು ನಮ್ಮನ್ನೂ ಕರೆದೊಯ್ಯುತ್ತಾನೆ ಎಂಬುದು ಅಲ್ಲಿಯವರ ನಂಬಿಕೆ. ತನ್ನ ದಿನದೂಟ ತಾನೇ ಉಂಡವನಂತೂ ಮನುಷ್ಯನೇ ಅಲ್ಲ ಎಂದರಂತೆ ಹಿರಿಯರು. ಆಟವೆಂದು ಶುರು ಮಾಡಿದ್ದು ಹೀಗಾಯಿತು.

"ಊಟಕ್ಕೇನು ಮಾಡ್ತೀ?" ಎಂದೆ.

"ದಿನಾ ಹಿತ್ತಲದಾಗ ನನ್ನ ಹೆಸರಿಲೆ ಎಡಿ ಇಡ್ತಾಳ್ರೀ ತಿಮ್ಮವ್ವ. ಕಾಗಿ ಓಡಿಸಿ ಉಣ್ತೀನಿ."

ಕೇಸು ಹಾಕಿಸಿದೆ. ಹೋದ ತಿಂಗಳು ಕೋರ್ಟಿನಲ್ಲಿ ಅವನನ್ನು ನಿಲ್ಲಿಸಿ, ಈತ ನಿನ್ನ ಗಂಡನೇ ಎಂದು ತಿಮ್ಮವ್ವನನ್ನು ಕೇಳಿದರು. ಅವಳು ಆ ಕಡೆ ನೋಡಿ, "ಅಲ್ಲಿ ಯಾರೂ ಇಲ್ಲಲ್ಲರೀ ಸಾಹೇಬ್ರ" ಎಂದಳು. ಜೈಲಿಗೆ ಹೆದರಿ ಆಡಿದ ಸುಳ್ಳಲ್ಲ ಅದು. ಆಕೆಗೆ ಖರೇನೇ ಕಾಣುತ್ತಿಲ್ಲ ಎನಿಸಿತು ನನಗೆ. ಅವನ ಬಳಿ ಒಂದು ಗುರುತಿನ ಚೀಟಿಯೂ ಇಲ್ಲ, ಎಲ್ಲ ರದ್ದಾಗಿವೆ. ಮಿಲ್ಲಿನಲ್ಲಿ ಚೀಲ ಹೊತ್ತು ಬೆರಳ ಗೆರೆಗಳು ಸವೆದಿವೆ. ಬೆರಳಚ್ಚಿನ ಯಂತ್ರಕ್ಕೂ ಅವನ ಗುರುತು ಸಿಗಲಿಲ್ಲ.

ಉಳಿದಿರುವುದು ನನ್ನ ಸಾಕ್ಷಿ ಒಂದೇ. ಮುಂದಿನ ಗುರುವಾರ ನಾನು ಹೌದೆಂದರೆ ಅವಳು ಜೈಲು ಕಾಣುತ್ತಾಳೆ, ಇಲ್ಲವೆಂದರೆ ಅವನು ಸತ್ತೇ ಇರುತ್ತಾನೆ. ದಿನಾ ಕಚೇರಿಯ ಬಾಗಿಲಲ್ಲಿ ನಿಂತಿರುತ್ತಾನೆ. "ನಮಸ್ಕಾರ್ರೀ ಅಕ್ಕೋರ" ಎನ್ನುತ್ತಾನೆ, ನಾನು "ನಮಸ್ಕಾರ ಕನಕರಾಯ" ಎನ್ನುವ ತನಕ ಕದಲುವುದಿಲ್ಲ. ಮೊನ್ನೆ ನಮ್ಮ ಜವಾನ ಶಾಕೀರ್, "ಮೇಡಂ, ಯಾರ್ ಜೋಡಿ ಮಾತಾಡಾಕತ್ತೀರಿ?" ಎಂದ. ತಮಾಷೆಗೆ ಎಂದನೋ, ಖರೇನೇ ಕಾಣಲಿಲ್ಲವೋ, ಕೇಳುವ ಧೈರ್ಯ ನನಗಾಗಲಿಲ್ಲ.

ಅತ್ತಿಗೆಗೆ ನನ್ನ ನೆನಪು ಹೇಳು. ಮಕ್ಕಳು ನೂರು ವರ್ಷ ಬಾಳಲಿ, ಕರೆದವರಿಗೆಲ್ಲ ಓಗೊಡುವಂತಾಗಲಿ.

ನಿನ್ನ ತಂಗಿ,
ರೂಪಾ

ತಾ.ಕ.: ಅಣ್ಣಾ, ಅಪ್ಪ ಮನೆಬಿಟ್ಟು ಹೋದ ಮೇಲೆ ಮರಣಪತ್ರ ಮಾಡಿಸಿ ತಂದವನು ನೀನು. ಅವ್ವನ ಪಿಂಚಣಿಯಲ್ಲಿ ಓದಿದವಳು ನಾನು. ಇದು ನಮ್ಮಿಬ್ಬರಿಗೂ ಗೊತ್ತು. ನಿನಗೆ ಗೊತ್ತಿಲ್ಲದ್ದು ಒಂದಿದೆ. ಡಿಗ್ರಿಯ ಎರಡನೇ ವರ್ಷ, ಲಿಂಗಸುಗೂರು ಬಸ್‌ಸ್ಟ್ಯಾಂಡಿನಲ್ಲಿ ಅಪ್ಪ ಎದುರು ಬಂದು ನಿಂತ. "ರೂಪಾ, ನಾನವ್ವಾ" ಎಂದ. ಸುತ್ತ ನಮ್ಮೂರಿನವರಿದ್ದರು. ನಾನು ಅವನ ಹೆಗಲ ಮೇಲಿಂದ ಮಸ್ಕಿ ಬಸ್ಸಿನ ಬೋರ್ಡು ಓದುತ್ತ ನಿಂತೆ. ಅವನು ಸ್ವಲ್ಪ ಹೊತ್ತು ಕಾದ. ಆಮೇಲೆ ಮೆಲ್ಲಗೆ, "ಇರ್ಲಿ ಬಿಡವ್ವಾ, ಛಲೋ ಓದು" ಎಂದು ಹೊರಟುಹೋದ.