ಸೂಜಿ ಸಾಕು, ವಾಚ್ ಬೇಕು

ಮಾರ್ಚ್ 4, ಮಂಗಳವಾರ

ಇವತ್ತೂ ಎ.ಸಿ. ಜಾಹೀರಾತು. ‘ಸದ್ದೇ ಇಲ್ಲದ ತಂಪು.’ ಇದನ್ನು ಹೇಳುವ ಮುಂಚೆ ರೆಕಾರ್ಡಿಂಗ್ ಬೂತಿನ ಎ.ಸಿ. ಆಫ್ ಮಾಡಬೇಕು. ಇಲ್ಲದಿದ್ದರೆ ಅದರ ಗೊರಗೊರ ಮೈಕಿಗೆ ಬೀಳುತ್ತದೆ. ಬೂತಿನಲ್ಲಿರುವುದೂ ಅದೇ ಕಂಪನಿಯದು. ಬೆವರು ಹೆಡ್‌ಫೋನಿನೊಳಗೆ ಇಳಿಯುತ್ತಿತ್ತು. ತಂಪು ತಂಪು ಎಂದು ಓದಿದೆ. ನಗು ಕೂಡ ಬರಲಿಲ್ಲ.

ಮುಂಬಯಿಯಲ್ಲಿ ಹುಟ್ಟಿದ ಸುಳ್ಳಿಗೆ ಮದರಾಸಿನ ವಡಪಳನಿಯಲ್ಲಿ ನಾಲ್ಕು ಭಾಷೆಯ ನಾಲಿಗೆ ಹಚ್ಚುತ್ತೇವೆ. ಕನ್ನಡದ ನಾಲಿಗೆ ನನ್ನದು. ಬರೆಯುವವನೂ ನಾನೇ, ಓದುವವನೂ ನಾನೇ.

ಮಧ್ಯಾಹ್ನ ಒಂದು ಸ್ಮಾರ್ಟ್ ವಾಚ್. ಕೈಗೆ ಕಟ್ಟಿಕೊಂಡರೆ ರಕ್ತದ ಸಕ್ಕರೆ ಎಷ್ಟೆಂದು ತೋರಿಸುತ್ತದಂತೆ. ಪರದೆಯ ಮೇಲೆ ಒಬ್ಬ ಅಜ್ಜಿ ಸೂಜಿಯನ್ನು ಕಸದ ಬುಟ್ಟಿಗೆ ಎಸೆದು ಜಿಲೇಬಿ ಕಚ್ಚುತ್ತಾಳೆ. ಕೆಳಗಡೆ ಇರುವೆ ಸಾಲಿನಂಥ ಅಕ್ಷರ — ಅಂದಾಜು ಮಾತ್ರ, ವೈದ್ಯಕೀಯ ಸಾಧನವಲ್ಲ. ಅದನ್ನು ಓದುವುದು ನನ್ನ ಕೆಲಸವಲ್ಲ. ಅದನ್ನು ಓದುವುದು ಯಾರ ಕೆಲಸವೂ ಅಲ್ಲ.

ಮೊದಲು ಬರೆದದ್ದು: ‘ಸೂಜಿ ಚುಚ್ಚದೆಯೇ ಸಕ್ಕರೆಯ ಅಂದಾಜು ತಿಳಿಯಿರಿ.’ ಅಜ್ಜಿ ಪರದೆಯಿಂದ ಮರೆಯಾದ ಮೇಲೂ ನನ್ನ ಮಾತು ಓಡುತ್ತಿತ್ತು. ಮುರಳೀಧರ ಗಾಜಿನಾಚೆಯಿಂದ ಕೈ ಆಡಿಸಿದ. ಈ ಸ್ಟುಡಿಯೋ ಅವನದು. ಹುಟ್ಟಿ ಬೆಳೆದದ್ದೆಲ್ಲ ಮದರಾಸು, ಮನೆಮಾತು ಕನ್ನಡ.

“ಲೆಂಗ್ತ್ ಜಾಸ್ತಿ ಸಾರ್. ಪಂಚ್ ಇಲ್ಲ. ಆ ‘ಅಂದಾಜು’ ಯಾಕೆ? ತೂಕ್ಕಿ ಪೋಡುಂಗ.”

ತೆಗೆದು ಹಾಕಿದೆ. ಆಮೇಲೆ ಬಾಯಿಗೆ ತಾನಾಗಿ ಬಂತು — ‘ಸೂಜಿ ಸಾಕು, ವಾಚ್ ಬೇಕು!’

ಮುರಳೀಧರ ಕುರ್ಚಿಯಿಂದ ಎದ್ದೇಬಿಟ್ಟ. “ಸೂಪರ್ ಸಾರ್! ಇದು ಎಲ್ಲಿಂದ ಹಿಡೀತೀರಾ ನೀವು?”

ಎಲ್ಲಿಂದ… ಬಂಗಾರಪೇಟೆ ತಾಲ್ಲೂಕು ಕಚೇರಿಯ ಮುಂದಿನಿಂದ. ತಮಟೆಯ ಮೇಲಿಂದ. ದೌರ್ಜನ್ಯ ಸಾಕು, ಭೂಮಿ ಬೇಕು. ಲಾಠಿ ಸಾಕು, ನ್ಯಾಯ ಬೇಕು. ಒಂದು ಕಾಲಕ್ಕೆ ಕೇರಿಯವರ ಧರಣಿಯಲ್ಲಿ ಗಂಟಲು ಹರಿಯುವಂತೆ ಕೂಗಿದ್ದು. ಅದೇ ಗಂಟಲು, ಅದೇ ತಾಳ. ಅವನಿಗೆ ‘ತಾನಾಗಿ ಬಂತು’ ಎಂದೆ.


ಮಾರ್ಚ್ 11

ವಾಚಿನವರು ಒಪ್ಪಿದ್ದಾರೆ. ‘ಕನ್ನಡ ವರ್ಷನ್ ಈಸ್ ದಿ ಬೆಸ್ಟ್’ ಅಂತ ಮೆಸೇಜು. ತಮಿಳಿಗೂ ಇದೇ ಧಾಟಿಯಲ್ಲಿ ಮಾಡಿ ಎಂದಿದ್ದಾರಂತೆ.

ಸುಸ್ತು. ಆರ್ಕಾಟ್ ರಸ್ತೆಯ ಧೂಳಿಗೆ ಗಂಟಲು ಕಟ್ಟಿದೆ. ಬಿಸಿನೀರು ಕುಡಿದು ಮಲಗುವುದು.


ಏಪ್ರಿಲ್ 20, ಭಾನುವಾರ

ಪೋರೂರಿಗೆ ಹೋಗಿದ್ದೆ, ಜಯಕ್ಕನ ಮನೆಗೆ. ನನ್ನ ಒಡಹುಟ್ಟಿದವಳು. ಭಾವ ಇಲ್ಲಿ ರೈಲ್ವೆಯಲ್ಲಿದ್ದರು, ತೀರಿಕೊಂಡರು. ಈಗ ಮಗಳು ವೀಕ್ಷಾಳ ಜೊತೆ ಇದ್ದಾಳೆ. ಸಕ್ಕರೆ ಕಾಯಿಲೆ ಹಳೆಯದು. ಇಡೀ ಅಪಾರ್ಟ್‌ಮೆಂಟಿನಲ್ಲಿ ಕನ್ನಡ ಚಾನೆಲ್ ಓಡುವುದು ಅವಳ ಮನೆಯಲ್ಲಿ ಮಾತ್ರ.

ಬಾಗಿಲು ತೆಗೆದವಳೇ ಎಡಗೈ ಮುಂದೆ ಚಾಚಿದಳು. ಕೈಯಲ್ಲಿ ವಾಚು.

“ನೋಡೋ ಸದಾ! ನಿನ್ ವಾಚು!”

ಕೈ ಹಿಡಿದು ತಿರುಗಿಸಿ ನೋಡಿದೆ. ಅದೇ.

“ನಂದಲ್ಲ ಅದು, ಕಂಪನಿದು.”

“ಏ, ಹೋಗೋ. ಸೀರಿಯಲ್ ಮಧ್ಯೆ ದಿನಾ ಬತ್ತೀಯ. ಆ ಮುದುಕಿ ಜಿಲೇಬಿ ಕಚ್ಚೋವಾಗ ನೀನೇ ಕೂಗ್ತೀಯ, ಸೂಜಿ ಸಾಕು ಅಂತ! ನಂಗೆ ಗೊತ್ತಾಗಲ್ವಾ ನಿನ್ ದನಿ? ಗುಡಿಸೋದು ಬಿಟ್ಟು ಪೊರಕೆ ಹಿಡ್ಕೊಂಡೇ ನಿಂತ್ಬಿಟ್ಟೆ. ಪಕ್ಕದ ಮನೇವ್ರಿಗೂ ಕರ್ದು ತೋರ್ಸ್ದೆ, ಎನ್ ತಂಬಿ ಅಂತ. ಅವ್ರೂ ಒಂದು ತರಿಸ್ಕೊಂಡ್ರು.”

“ಸೂಜಿ ಮೆಷಿನ್ನು ಎಲ್ಲಿ?”

“ಅದ್ಯಾಕೆ ಇನ್ನು? ಬೆರಳೆಲ್ಲ ಜರಡಿ ಆಗೋಗಿತ್ತು. ಕೊಟ್ಬಿಟ್ಟೆ ಯಾರಿಗೋ.”

ವೀಕ್ಷಾ ಅಡುಗೆಮನೆಯಿಂದ ನನ್ನನ್ನೇ ನೋಡುತ್ತಿದ್ದಳು. ಮಾವಿನಹಣ್ಣಿನ ಸೀಕರಣೆ ಮಾಡಿದ್ದಳು ಅಕ್ಕ. ಎರಡು ಸಲ ಬಡಿಸಿಕೊಂಡಳು. ವಾಚು ನೋಡಿ, “ನೂರಾ ಹತ್ತು ಅಷ್ಟೇ, ನೋಡು” ಎಂದಳು.

ಹೇಳಬೇಕಿತ್ತು. ಆಗಲೇ, ತಟ್ಟೆಯ ಮುಂದೆಯೇ. ಪೊಲೀಸ್ ಸ್ಟೇಷನ್ನಿನೊಳಗೆ ನಿಂತು ಇನ್ಸ್‌ಪೆಕ್ಟರನಿಗೆ ಎದುರಾಡಿದ ನನಗೆ ಅಕ್ಕನ ಎದುರು ಬಾಯಿ ಬರಲಿಲ್ಲ. ಅಷ್ಟು ಖುಷಿಯಾಗಿದ್ದಳು.

ಹೊರಡುವಾಗ “ಅಕ್ಕಾ, ಡಾಕ್ಟರಿಗೂ ಒಮ್ಮೆ ತೋರಿಸು” ಎಂದೆ. ನನ್ನ ಮಾತೂ ಇರುವೆ ಸಾಲಿನಂಥ ಅಕ್ಷರ, ಅಷ್ಟೇ.


ಏಪ್ರಿಲ್ 22

ಮುರಳೀಧರನನ್ನು ಕೇಳಿದೆ. ಆ ವಾಚು ನಿಜವಾಗಿ ತೋರಿಸುತ್ತದಾ?

“ಅದು ಕ್ಲೈಂಟ್ ಪ್ರಾಬ್ಲಮ್ ಸಾರ್. ಕೆಳಗಡೆ ಹಾಕಿದಾರಲ್ಲ.”

“ಯಾರಿಗೆ ಕಾಣತ್ತೆ ಅದು?”

“ಲಾಯರಿಗೆ ಕಾಣತ್ತೆ. ಅಷ್ಟು ಸಾಕು.” ನಕ್ಕ. ಕೆಟ್ಟವನಲ್ಲ. ಕಾಫಿ ತರಿಸಿದ. “ಮಿಕ್ಸಿ ಆ್ಯಡಲ್ಲಿ ಅರಿಶಿನದ ಕೊಂಬು ಪುಡಿ ಆಗತ್ತೆ. ನಮ್ಮ ಮನೇಲಿ ಚಟ್ನಿ ಕೂಡ ಆಗಲ್ಲ. ಜನಕ್ಕೆ ಗೊತ್ತು ಸಾರ್ ಇದೆಲ್ಲ. ಯಾರೂ ನಂಬಲ್ಲ.”

ನಂಬುತ್ತಾರೆ. ಚಟ್ನಿ ಆಗದಿದ್ದರೆ ಒರಳಿದೆ. ಸಕ್ಕರೆಗೆ…

ಜಯಕ್ಕನಿಗೆ ಫೋನ್ ಮಾಡಿದೆ. ವಾಚು ನಂಬಬೇಡ ಎಂದೆ. “ಧಾರಾವಾಹಿ ಬಂತು ಕಣೋ, ಆಮೇಲೆ” ಎಂದು ಇಟ್ಟಳು.


ಜೂನ್ 8, ಭಾನುವಾರ

ಇಷ್ಟು ದಿನ ಏನೂ ಬರೆಯಲಿಲ್ಲ. ಫ್ರಿಜ್ಜು, ಫ್ಯಾನು, ನೀರಿನ ಫಿಲ್ಟರು. ಬೇಸಿಗೆ ಎಂದರೆ ನಮಗೆ ಸುಗ್ಗಿ. ಓದಿದೆ, ಬಂದೆ, ಮಲಗಿದೆ.

ಬೆಳಿಗ್ಗೆ ವೀಕ್ಷಾ ಫೋನು. ಅವಳು ಕನ್ನಡ ಬಲ್ಲಳು, ಬಾಯಿಗೆ ಬರುವುದು ತಮಿಳು. ಅಮ್ಮನ ಕಾಲಿನ ಹೆಬ್ಬೆರಳಲ್ಲಿ ಗಾಯ, ಕಪ್ಪಗಾಗಿದೆ, ಆಸ್ಪತ್ರೆಗೆ ಬರಲ್ಲ ಅಂತಾಳೆ, ನೀವು ಬನ್ನಿ ಮಾಮಾ. ಆಟೋ ಹಿಡಿದೆ.

ಬಾಗಿಲಲ್ಲೇ ವಾಸನೆ. ಚಪ್ಪಲಿ ಕಚ್ಚಿದ್ದಂತೆ. ನೋವೇ ಆಗಲಿಲ್ಲವಂತೆ — ಅದೇ ಭಯ. ಅರಿಶಿನ ಮೆತ್ತಿಕೊಂಡು ಟೀವಿ ಮುಂದೆ ಕೂತಿದ್ದಾಳೆ. ಮಾತ್ರೆ ಬಿಟ್ಟು ಎಷ್ಟು ದಿನವಾಯಿತೋ! “ವಾಚಲ್ಲಿ ಸರೀಗೈತಲ್ಲ, ಮಾತ್ರೆ ಯಾಕೆ?”

ವೀಕ್ಷಾ ಒಳಗೆ ಹೋಗಿ ಬಾಳೆಕಾಯಿ ತಂದಳು. ಅಮ್ಮನ ಕೈಯಿಂದ ವಾಚು ಬಿಚ್ಚಿದಳು. ಬಾಳೆಕಾಯಿಗೆ ಕಟ್ಟಿ ಟೀಪಾಯಿ ಮೇಲೆ ಇಟ್ಟಳು. ಹಸಿರು ದೀಪ ಮಿಣುಕಿತು. ಮೂವರೂ ಬಗ್ಗಿ ನೋಡಿದೆವು.

ನೂರಾ ಹನ್ನೆರಡು. ನಾಡಿ ಎಪ್ಪತ್ತೊಂದು.

“ಪಾರುಮಾ, ನೋಡಮ್ಮಾ! ವಾಳಕ್ಕಾಯ್‌ಗೂ ಪಲ್ಸ್ ಇದೆ!” ವೀಕ್ಷಾಳ ಕಣ್ಣಲ್ಲಿ ನೀರು.

ಜಯಕ್ಕ ಬಾಳೆಕಾಯಿ ನೋಡಿದಳು, ಮಗಳನ್ನು ನೋಡಿದಳು. “ಸರೀಗೇ ತೋರಿಸೈತೆ. ಕಾಯಿ ತಾನೇ? ಹಣ್ಣಾಗಿದ್ರೆ ಸಕ್ಕರೆ ಜಾಸ್ತಿ ಬತ್ತಿತ್ತು.”

ನಗು ಉಕ್ಕಿತು. ಅರಿಶಿನ ಮೆತ್ತಿದ ಹೆಬ್ಬೆರಳು ಕಂಡಿತು.

“ಅಕ್ಕಾ. ಅದು ಸುಳ್ಳು. ನಾನು ಓದಿದ್ದು ಸುಳ್ಳು.”

“ನೀನು ಸುಳ್ಳು ಹೇಳಲ್ಲ.”

“ದುಡ್ಡಿಗೆ ಓದ್ತೀನಿ ಅಕ್ಕಾ. ಕೊಟ್ಟಿದ್ದನ್ನ ಓದ್ತೀನಿ.”

ಅವಳು ಹಣೆಯ ಮೇಲಿನ ಕೂದಲು ಸರಿಸಿದಳು. ಅಲ್ಲಿ ಹಳೆಯ ಕಲೆ. ಅದನ್ನು ನಾನು ನೋಡದೆ ಇರುವುದನ್ನು ಅಭ್ಯಾಸ ಮಾಡಿಕೊಂಡು ಎಷ್ಟೋ ಕಾಲವಾಗಿದೆ.

“ಊರ ಬಾವಿ ತಾವ ಎಲ್ಲಾ ನಡುಗ್ತಾ ನಿಂತಿದ್ರು. ನಮ್ಮ ಕೇರಿ ಗಂಡಸರೂ. ಇಳೀರಿ, ನೀರು ನಮ್ದೂ ಹೌದು ಅಂತ ನೀನು ಕೂಗ್ದೆ. ನಿನ್ ದನಿ ಕೇಳಿ ನಾನು ಮೊದ್ಲು ಇಳ್ದೆ, ಬಿಂದಿಗೆ ಮುಳುಗಿಸ್ದೆ. ಕಲ್ಲು ಬಿತ್ತು. ಬೀಳ್ಲಿ. ನೀರು ಸುಳ್ಳಾಗಲಿಲ್ವಲ್ಲೋ. ಅದೇ ದನಿ ತಾನೇ ಇದೂ?”

ಎರಡೂ ದನಿ ನನ್ನವೇ ಎಂಬುದೇ ಉತ್ತರ.

“ಅದೇ ದನಿಯಲ್ಲಿ ಹೇಳ್ತಿದೀನಿ. ಏಳು. ಆಸ್ಪತ್ರೆಗೆ ಹೋಗೋಣ.”

ಕೂತೇ ಇದ್ದಳು. ಟೀವಿಯಲ್ಲಿ ಬ್ರೇಕ್ ಬಂತು. ನಾನೇ ಬಂದೆ — ಸೂಜಿ ಸಾಕು, ವಾಚ್ ಬೇಕು! ರಿಮೋಟು ಸಿಗಲಿಲ್ಲ, ಹೋಗಿ ಪ್ಲಗ್ಗು ಕಿತ್ತೆ. ನನ್ನ ದನಿಯನ್ನು ನಾನೇ ಕಿತ್ತದ್ದನ್ನು ನೋಡಿದಳು ಅಂತ ಕಾಣುತ್ತದೆ. ಎದ್ದಳು.


ಜೂನ್ 9

ಕ್ಯಾಷುವಾಲಿಟಿಯಲ್ಲಿ ಬೆರಳು ಚುಚ್ಚಿ ನೋಡಿದರು. ಮುನ್ನೂರ ಎಂಬತ್ತರ ಮೇಲೆ. ಹಟಕ್ಕೆ ವಾಚನ್ನು ಮತ್ತೆ ಕಟ್ಟಿಕೊಂಡು ಬಂದಿದ್ದಳು. ಅದರಲ್ಲಿ ಆಗಲೂ ನೂರಾ ಹದಿನಾಲ್ಕು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ವಾಚು ನೋಡಿ ಸಿಟ್ಟು ಕೂಡ ಮಾಡಲಿಲ್ಲ. “ಇನ್ನೊಂದು” ಎಂದರು ನರ್ಸಿಗೆ, ಅಷ್ಟೇ. ನಮಗಿಂತ ಮುಂಚೆ ಎಷ್ಟು ಬಂದಿದ್ದವೋ!

ಹೆಬ್ಬೆರಳು ಉಳಿಯುವುದಿಲ್ಲ. ಪಾದ ಉಳಿಸಲು ನೋಡುತ್ತಾರೆ.


ಜೂನ್ 12

ತೆಗೆದರು.

ವೀಕ್ಷಾ ನನ್ನ ಜೊತೆ ಮಾತಾಡುತ್ತಿಲ್ಲ. ಮಾತಾಡಬಾರದು. ಇಡ್ಲಿ ಪೊಟ್ಟಣ ಮಾತ್ರ ನನ್ನ ಕೈಗೆ ಕೊಟ್ಟು ಹೋದಳು.

ವಾರ್ಡಿನ ಹೊರಗೆ ಕೂತಿದ್ದಾಗ ಮುರಳೀಧರ ಫೋನು. ವಾಚಿನ ಮೇಲೆ ಎಲ್ಲಿಂದಲೋ ದೂರು ಹೋಗಿದೆ. ಎಚ್ಚರಿಕೆಯ ಮಾತನ್ನು ಬಾಯಲ್ಲೇ ಹೇಳಬೇಕಂತೆ ಇನ್ನು ಮೇಲೆ. “ನಾಳೆ ಬನ್ನಿ ಸಾರ್. ಒಂದೇ ಲೈನು. ನಿಮ್ಮ ದನೀಲೇ ಬೇಕಂತೆ, ಮ್ಯಾಚ್ ಆಗಬೇಕಲ್ಲ.”

ಬೈಯಬೇಕೆಂದು ಬಾಯಿ ತೆರೆದೆ. ಬರುತ್ತೇನೆ ಎಂದೆ. ಆ ಸಾಲು ನನಗೆ ಬೇಕಿತ್ತು.


ಜೂನ್ 13, ಶುಕ್ರವಾರ

ಹೋದೆ. ಬೂತಿನ ಎ.ಸಿ. ಆಫ್. ಕಾಗದದಲ್ಲಿ ಒಂದೇ ಸಾಲು: ‘ಇದು ವೈದ್ಯಕೀಯ ಸಾಧನವಲ್ಲ, ಅಂಕಿಗಳು ಅಂದಾಜು ಮಾತ್ರ, ಚಿಕಿತ್ಸೆಗೆ ವೈದ್ಯರನ್ನು ಕಾಣಿರಿ.’ ಅಂದಾಜು! ನಾನು ತೆಗೆದು ಹಾಕಿದ್ದ ಪದ ತಿರುಗಿ ನನ್ನ ಕೈಗೇ ಬಂದಿದೆ.

ಎರಡು ಸೆಕೆಂಡಿನಲ್ಲಿ ಓದಬೇಕು. ನಾನು ಓದಲಿಲ್ಲ ಹಾಗೆ. ಜಯಕ್ಕ ಎದುರು ಕೂತಿದ್ದಾಳೆ, ಕಾಲಿಗೆ ಬಟ್ಟೆ ಸುತ್ತಿದೆ ಎಂದುಕೊಂಡು ಓದಿದೆ. ಒಂದೊಂದು ಪದ ಬಿಡಿಸಿ. ಬಾವಿಕಟ್ಟೆಯ ಮೇಲೆ ನಿಂತು ಹೇಳಿದ ಹಾಗೆ. ಅಷ್ಟು ಚೆನ್ನಾಗಿ ಈ ಬೂತಿನಲ್ಲಿ ಯಾವತ್ತೂ ಓದಿರಲಿಲ್ಲ.

ಗಾಜಿನಾಚೆ ಯಾರೂ ಕೈ ಆಡಿಸಲಿಲ್ಲ. ಜಗಳಕ್ಕೆ ಸಿದ್ಧವಾಗಿ ಹೊರಗೆ ಬಂದೆ. ನಿಧಾನಕ್ಕೇ ಹಾಕಬೇಕು, ಇಲ್ಲದಿದ್ದರೆ ನನ್ನ ದನಿ ತೆಗೆಯಿರಿ ಎಂದೆ. ಟೇಬಲ್ ಕೂಡ ಗುದ್ದಿದೆ.

ಮುರಳೀಧರ ಮಾನಿಟರ್ ಬಿಟ್ಟು ತಲೆ ಎತ್ತಲಿಲ್ಲ. “ನಿಧಾನವಾಗೇ ಓದಿ ಸಾರ್, ಕ್ಲಿಯರ್ ಆಗಿರತ್ತೆ. ನಾವಿಲ್ಲಿ ಓಡಿಸ್ಕೋತೀವಿ.”

ಒಂದು ಗುಂಡಿ ಒತ್ತಿದ. ನನ್ನ ದನಿ ಸೊಳ್ಳೆಯಾಯಿತು. ಝುಂಯ್ ಎಂದು ಕಿವಿಯ ಪಕ್ಕ ಹೋಯಿತು. ಅಂದಾಜು ಎಲ್ಲಿ ಬಂತು, ವೈದ್ಯರು ಎಲ್ಲಿ ಬಂದರು, ಓದಿದ ನನಗೇ ಗೊತ್ತಾಗಲಿಲ್ಲ.

“ಕರೆಕ್ಟಾಗಿ ಕೂತ್ಕೊಂಡ್ತು,” ಎಂದ. ಆಮೇಲೆ ನನ್ನ ಮುಖ ನೋಡಿ, “ಏನ್ ಸಾರ್, ಮೈ ಸರಿ ಇಲ್ವಾ? ಎ.ಸಿ. ಹಾಕಲಾ?”

ಮೆಟ್ಟಿಲಿಳಿದು ಬಂದೆ. ಮತ್ತೆ ಹತ್ತುವುದಿಲ್ಲ. ಹೀಗೆ ಮುಂಚೆಯೂ ಅಂದುಕೊಂಡಿದ್ದುಂಟು. ಈ ಸಲ ಹೆಡ್‌ಫೋನು ಕೂಡ ತಂದುಬಿಟ್ಟಿದ್ದೇನೆ, ನನ್ನದೇ ಅದು. ಸಂಜೆ ಅವನು ಎರಡು ಸಲ ಫೋನ್ ಮಾಡಿದ. ಎತ್ತಲಿಲ್ಲ.


ಜೂನ್ 22, ಭಾನುವಾರ, ಬೆಳಿಗ್ಗೆ

ಪೋರೂರಿನಲ್ಲೇ ಇದ್ದೇನೆ. ಅಕ್ಕ ಮನೆಗೆ ಬಂದಿದ್ದಾಳೆ. ಕಾಲು ದಿಂಬಿನ ಮೇಲೆ. ವಾಚು ಟೀವಿಯ ಪಕ್ಕ ಬಿದ್ದಿದೆ, ಯಾರ ಕೈಯಲ್ಲೂ ಇಲ್ಲ, ಆದರೂ ಆಗಾಗ ಮಿಣುಕುತ್ತದೆ. ಬಾಳೆಕಾಯಿ ಯಾವತ್ತೋ ಪಲ್ಯವಾಯಿತು.

ಹೊಸ ಮೆಷಿನ್ನು ತಂದಿದ್ದೇನೆ, ಸೂಜಿಯದು. ಎರಡು ದಿನದಿಂದ ವೀಕ್ಷಾಗೆ ಬೆರಳು ಕೊಟ್ಟಿಲ್ಲ. ಮನೆಗೆ ಬರುವ ನರ್ಸಿಗೂ ಇಲ್ಲ. ಕೈ ಸೆರಗಿನೊಳಗೆ. ಹೀಗೇ ಬಿಟ್ಟರೆ ಪಾದವೂ ಹೋಗುತ್ತದೆ ಎಂದಿದ್ದಾರೆ ಡಾಕ್ಟರಮ್ಮ.

ಈಗ ಕಾಫಿ ಕೊಡಲು ಹೋದರೆ ತಾನಾಗಿ ಕೈ ಹೊರಗೆ ತೆಗೆದಳು.

“ಸೂಜಿ ಬಿಡಿಸ್ದೋನು ನೀನು. ನೀನೇ ಚುಚ್ಚು.”

“ನಂಗೆ ಬರಲ್ಲ ಅಕ್ಕಾ.”

“ಬಾವಿಗೆ ಇಳಿಯಾಕೆ ನಂಗೆ ಬತ್ತಿತ್ತಾ?”

ಬೆರಳು ಹಿಡಿದೆ. ಬಿಂದಿಗೆ ಹಿಡಿದ ಬೆರಳು. ಚುಚ್ಚಿದೆ. ಅವಳು ಕಣ್ಣು ಮುಚ್ಚಲಿಲ್ಲ, ನಾನು ಮುಚ್ಚಿದೆ. ಒಂದು ಹನಿ. ಮೆಷಿನ್ನು ಲೆಕ್ಕ ಹಾಕುತ್ತ ಕೂತಿತ್ತು. ವೀಕ್ಷಾ ಬಾಗಿಲ ಹತ್ತಿರ ಬಂದು ನಿಂತಳು.

“ಎಷ್ಟೋ?”

ಅಂಕಿ ಬಂತು. ಜಾಸ್ತಿ ಇದೆ. ಹೊಟ್ಟೆಯೊಳಗೆ ಇನ್ನೊಂದು ಅಂಕಿ ಎದ್ದು ನಿಂತಿತು, ಸಣ್ಣದು, ಅವಳಿಗೆ ಹಿತವಾದದ್ದು, ಬಾಯಿಗೆ ಚೆನ್ನಾಗಿ ಕೂರುವಂಥದ್ದು.

“ನುಂಗಬ್ಯಾಡ ಸದಾ. ಜೋರಾಗಿ ಓದು. ನಿನ್ ದನೀಲಿ.”

ಮೆಷಿನ್ನಿನಲ್ಲಿದ್ದ ಅಂಕಿಯನ್ನೇ ಓದಿದೆ, ಜೋರಾಗಿ.