ಆಮೆನ್‌ಗೆ ಐದನೆಯ ಕಂಠ

ಡೊಂಬಿವಲಿ ಪೂರ್ವ
೧೦ ಫೆಬ್ರವರಿ ೨೦೨೫

ಪರಮಪೂಜ್ಯ ಅಶ್ಮಿತಕ್ಕನ ಒಡೆದ ಹಿಮ್ಮಡಿಗಳ ಸಮೇತ ಪಾದಾರವಿಂದಗಳಿಗೆ ತಮ್ಮನ ಸಾಷ್ಟಾಂಗ ನಮಸ್ಕಾರ.

ತಿಂಗಳಿಂದ ಸುದ್ದಿಯಿಲ್ಲದ್ದಕ್ಕೆ ಕ್ಷಮಿಸು. ಫೋನ್ ಮಾಡಬಹುದಿತ್ತು, ಆದರೆ ನೀನು ಸ್ಪೀಕರಿನಲ್ಲಿಟ್ಟು ಚಪಾತಿ ಲಟ್ಟಿಸುತ್ತೀ, ನನ್ನ ಗುಟ್ಟು ಕೋಪರಖೈರಣೆಯ ನಿಮ್ಮ ಕಟ್ಟಡದ ಮೂರು ಮಹಡಿಗೂ ತಲುಪುತ್ತದೆ.

ಗುಟ್ಟು ಇದು. ಕಲ್ಯಾಣದ ಒಂದು ಚರ್ಚಿನ ಗಾಯನವೃಂದದಲ್ಲಿ ನಾನು ವರ್ಷದಿಂದ ಹಾಡುತ್ತಿದ್ದೇನೆ. ವಾದ್ಯವಿಲ್ಲ, ಮೈಕಿಲ್ಲ, ನಾನೂರು ವರ್ಷ ಹಳೆಯ ಲ್ಯಾಟಿನ್ ಪ್ರಾರ್ಥನೆಗಳು, ನಾಲ್ಕು ಗುಂಪಿನ ಕಂಠಗಳು. ನಾನು ಎಲ್ಲರಿಗಿಂತ ಕೆಳದನಿಯ ಬಾಸ್ ಗುಂಪು. ನಿನ್ನೆ ಕಾರ್ಯಕ್ರಮ. ಅಪ್ಪ ಒಮ್ಮೆ ಕೇಳಬೇಕು ಎಂಬ ಹುಚ್ಚು ಆಸೆ. ನಿಜ ಹೇಳಿದರೆ ಬರುತ್ತಾರೆಯೇ? ಆದ್ದರಿಂದ ಭಜನಾ ಮಂಡಳಿಯ ಶ್ರೀ ಪುಂಡರೀಕಾಕ್ಷರ, ಅಂದರೆ ಸಾಕ್ಷಾತ್ ನಮ್ಮಪ್ಪನ, ಹೆಸರಿಗೆ ಒಂದು ಆಮಂತ್ರಣ ಅಚ್ಚು ಹಾಕಿಸಿದೆ: ‘ಪುರಾತನ ಭಜನಾ ಸೇವೆ. ತಾವು ಚಿತ್ತೈಸಬೇಕು.’ ಮೂಲೆಗೆ ಅರಿಶಿನವನ್ನೂ ಹಚ್ಚಿದೆ. ಸುಳ್ಳೆಲ್ಲಿ ಬಂತು? ಪುರಾತನ ಹೌದು, ಭಜನೆಯೂ ಹೌದು.

ಅಪ್ಪ ಬಂದರು. ಪಂಚೆ, ಶಾಲು, ಚೀಲದಲ್ಲಿ ತಾಳ. ಶಿಲುಬೆ ಕಂಡು ಬಾಗಿಲಲ್ಲೇ ನಿಂತುಬಿಟ್ಟರು. ತಿರುಗಿ ಹೋದರೆ ನನ್ನ ಕಥೆ ಮುಗಿಯಿತು. ನಮಗೆ ಕಲಿಸುವ ಬ್ಲೆಂಡಿನಾ ಟೀಚರ್ ‘ಆಯಿಯೇ ಅಂಕಲ್, ಬೈಠಿಯೇ’ ಎಂದು ಮೂರನೇ ಬೆಂಚಿನಲ್ಲಿ ಕೂರಿಸಿದರು. ಚಪ್ಪಲಿ ಹೊರಗೆ ಬಿಟ್ಟು ಬಂದವರು ಅವರೊಬ್ಬರೇ.

ಕೊನೆಯಲ್ಲಿ ಉದ್ದನೆಯ ಒಂದು ಆಮೆನ್. ಅದನ್ನು ಬಾಸ್ ಎತ್ತಬೇಕು, ಉಳಿದ ಗುಂಪುಗಳು ಒಂದರ ಹಿಂದೊಂದು ಅದನ್ನೇ ಹೇಳಬೇಕು. ನಾವು ಎತ್ತಿದೆವು, ಮೇಲುದನಿಯ ಗಂಡಸರು ಹೇಳಿದರು, ಹೆಂಗಸರು ಹೇಳಿದರು. ಭಜನೆಯಲ್ಲಿ ಒಬ್ಬ ಎತ್ತಿದ್ದನ್ನು ಕೂತವರು ಹೇಳದಿದ್ದರೆ ಅಪಚಾರವಲ್ಲವೇ? ಮೂರನೇ ಬೆಂಚಿನಿಂದ ಅಪ್ಪ, ತುಂಬು ಗಂಟಲಿನಲ್ಲಿ, ‘ಆ...ಮೆನ್!’ ನಾಲ್ಕು ಕಂಠಕ್ಕೆ ಬರೆದ ಹಾಡಿಗೆ ಐದನೆಯದನ್ನು ದಯಪಾಲಿಸಿದರು! ನಮ್ಮೆದುರು ನಿಂತು ಕೈಯಾಡಿಸಿ ಹಾಡಿಸುತ್ತಿದ್ದ ಟೀಚರ ಹುಬ್ಬು ಒಮ್ಮೆ ಮೇಲೇರಿತು. ಕೈ ಮಾತ್ರ ನಿಲ್ಲಲಿಲ್ಲ. ಎಡಗೈಯನ್ನು ಹಿಂದಕ್ಕೆ ಚಾಚಿ ಅಪ್ಪನಿಗೂ ಮುಕ್ತಾಯ ತೋರಿಸಿದರು. ಅಪ್ಪ ಸರಿಯಾಗಿ ಅಲ್ಲಿಗೇ ನಿಲ್ಲಿಸಿದರು. ನನಗೆ ಹೋದ ಜೀವ ಬಂತು.

ಹಿಂತಿರುಗುವಾಗ ಲೋಕಲ್‌ನಲ್ಲಿ ವಿಚಾರಣೆ.

‘ಭಜನೆ ಅಂತ ಕರೆದದ್ದಲ್ವಾ, ಮಂಗಳ ಎಲ್ಲುಂಟು ಮಾರಾಯ?’

‘ಅದೇ ಮಂಗಳ, ಅಪ್ಪ.’

‘ಎತ್ತಿದ್ದು ನೀನಾ?’

‘ನಾವು ನಾಲ್ಕು ಜನ.’

‘ಇಷ್ಟು ಕೆಳಗಿನ ಸ್ವರಕ್ಕೆ ಅವರು ಬೈಯುದಿಲ್ವಾ?’

‘ಇಲ್ಲಪ್ಪ. ಅಂಥವರು ಸಿಗುದಿಲ್ಲಾಂತ ಹುಡುಕಿಕೊಂಡು ಬರ್ತಾರೆ.’

ರೈಲು ಠಾಕುರ್ಲಿ ನಿಲ್ದಾಣ ದಾಟಿತು. ಆಮೇಲೆ, ‘ಶನಿವಾರ ಮಂಡಳಿಗೆ ಬಾ’ ಎಂದರು.

ಚಿರಂಜೀವಿ ಸಮಿತನಿಗೆ ಸೋದರಮಾವನ ಅಖಂಡ ಆಶೀರ್ವಾದ. ಅವನು ಭಾವನ ಬೂಟಿಗೆ ಮೊಸರು ಸುರಿದನೆಂದು ತಿಳಿದು, ನನ್ನ ಪರಂಪರೆ ಉಳಿಯಿತೆಂದು ಧನ್ಯನಾದೆ.

ನಿನ್ನ ತಮ್ಮ
ಕೌಶಲ್

ತಾ.ಕ.: ಹದಿಮೂರರಲ್ಲಿ ನನ್ನ ಗಂಟಲು ಒಡೆದಾಗ, ಭಜನೆಯ ನಡುವೆ ಅಪ್ಪ ಎಲ್ಲರೆದುರು ನನ್ನ ತುಟಿಗೆ ಬೆರಳಿಟ್ಟು, ‘ನೀನಿನ್ನು ತಾಳ ಮಾತ್ರ ಹಾಕು’ ಎಂದಿದ್ದರು. ಎಲ್ಲರೂ ನಕ್ಕರು. ನೀನೂ ನಕ್ಕೆ, ಅಕ್ಕ. ಇನ್ನು ನಗುವುದಾದರೆ ನಾನು ನಗಿಸಿದಾಗಲೇ ನಗಲಿ ಎಂದು ಅಂದಿನಿಂದ ಕೋತಿಯಾದೆ. ನಿನ್ನೆ ರೈಲಿನಲ್ಲಿ, ‘ಶನಿವಾರ ತಾಳ ತರಲಾ?’ ಎಂದು ಕೇಳಿದೆ. ಅಪ್ಪ ಕಿಟಕಿಯ ಹೊರಗೆ ನೋಡುತ್ತಾ, ‘ಬೇಡ. ತಾಳ ನಾನು ಹಾಕ್ತೇನೆ’ ಎಂದರು.