ಹಿಂಬೆಂಚಿನವರು ಬರುವ ದಿನ

ನೀರಬಾವಿ ನಗರ, ನಾಲ್ಕನೆಯ ಪೇಟೆ
ಬಿಸಿಲ್ದಿಂಗಳು ೨೦, ೨೨೪೬

ಹಿಂದಿನವರೇ,

ತಾರೀಖು ಕಂಡು ಬರೆದವಳ ತಲೆ ನೆಟ್ಟಗಿಲ್ಲ ಎಂದುಕೊಳ್ಳಬೇಡಿ. ನಮ್ಮಲ್ಲಿ ಬೇಸಿಗೆ ಮುಗಿಯುವುದೇ ಇಲ್ಲವಾದ್ದರಿಂದ ಉಳಿದ ತಿಂಗಳುಗಳಿಂದ ಒಂದೆರಡು ದಿನ ಕಿತ್ತು ಹದಿಮೂರನೆಯ ತಿಂಗಳೊಂದನ್ನು ಮಾಡಿಕೊಂಡಿದ್ದೇವೆ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಮಾತೂ ನಮಗೆ ಹಾಗೆಯೇ. ಹಳೆಯ ಬೋರ್ಡುಗಳಲ್ಲಿ ‘ಸಾರ್ವಜನಿಕ’ ಎಂದು ಓದಿ, ಯಾರಿಗೂ ಬೇಡವಾದದ್ದಕ್ಕೆ ನೀವಿಟ್ಟ ಹೆಸರು ಎಂದು ನಾನು ಬಹಳ ದಿನ ತಿಳಿದಿದ್ದೆ.

ನಿಮ್ಮ ಕಾಲದಲ್ಲಿ ಈ ಊರಿನ ಓಣಿಓಣಿಗೂ ಸರ್ಕಾರಿ ಶಾಲೆ ಇತ್ತಂತೆ. ಅನುಕೂಲಸ್ಥರು ಮಕ್ಕಳನ್ನು ಬೇರೆಡೆ ಕಳಿಸಿದರು. ಮಕ್ಕಳಿಲ್ಲವೆಂದು ಶಾಲೆ ಮುಚ್ಚಿದರು, ಶಾಲೆ ಇಲ್ಲವೆಂದು ಉಳಿದ ಮಕ್ಕಳೂ ಚದುರಿಹೋದರು. ನನ್ನ ಮುತ್ತಜ್ಜಿಯ ಕಾಲಕ್ಕೆ ಜನ ಸಿಟ್ಟಿಗೆದ್ದು ‘ಪೇಟೆಶಾಲೆ’ಗಳನ್ನು ಕಟ್ಟಿದರು. ಪೇಟೆಗೊಂದೇ ಶಾಲೆ, ಮಂತ್ರಿಯ ಮಗುವಾದರೂ ತನ್ನ ಪೇಟೆಯ ಶಾಲೆಗೇ ಹೋಗಬೇಕು. ಯಾರ್ಯಾರನ್ನೋ ನಂಬಿ ಕೆಟ್ಟದ್ದು ಸಾಕೆಂದು ಹಿಂಬೆಂಚಿನ ಪದ್ಧತಿಯನ್ನೂ ತಂದರು. ಪ್ರತಿ ತರಗತಿಯ ಕೊನೆಯ ಬೆಂಚು ಬೇರೆ ಪೇಟೆಯ ಹಿರಿಯರಿಗೆ ಮೀಸಲು. ಪಾಠ ನಡೆಯುತ್ತದೆಯೇ, ಅನ್ನ ಬೆಂದಿದೆಯೇ, ಮಕ್ಕಳಿಗೆ ಓದಲು ಬರುತ್ತದೆಯೇ ಎಂದು ಅವರು ನೋಡಿ ನಗರಸಭೆಗೆ ಹೇಳಬೇಕು. ಎರಡು ಸಲ ಕೆಟ್ಟ ವರದಿ ಬಂದ ಶಾಲೆಗೆ ಬೀಗ. ಇಷ್ಟು ಬಿಗಿಯಾಗಿ ಕಾಯಿದೆ ಮಾಡಿದವರು ಒಂದು ಕಡೆ ಎಡವಿದರು. ಮನೆಗೆ ಬರುವ ನೆಂಟರೇ ಹೇಳಿ ಕಳಿಸಿ ಬರುವಾಗ ಹಿರಿಯರು ದಿಢೀರನೆ ನುಗ್ಗಿದರೆ ಚೆನ್ನಾಗಿರುತ್ತದೆಯೇ ಎಂದು ಸಂಕೋಚಪಟ್ಟು, ಹಿಂಬೆಂಚಿನವರು ಮುನ್ನಾದಿನ ತಿಳಿಸಿಯೇ ಬರತಕ್ಕದ್ದು ಎಂದು ಸೇರಿಸಿದರು. ಅನುಮಾನಕ್ಕೂ ಮರ್ಯಾದೆ ಕಲಿಸಹೋದ ಜನ ನಾವು.

ನಾನು ಹನ್ನೊಂದನೆಯ ಪೇಟೆಯ ಶಾಲೆಗೆ ಹಿಂಬೆಂಚಿನವಳು. ಹುಟ್ಟಾ ಅನುಮಾನದವಳು, ಹಾಲು ತಂದವನನ್ನು ನಿಲ್ಲಿಸಿಕೊಂಡೇ ಹಾಲು ಕಾಯಿಸಿ ನೋಡುತ್ತೇನೆ. ಬಿಸಿಲ್ದಿಂಗಳಿನಲ್ಲಿ ಸೂರ್ಯ ಹುಟ್ಟುವ ಮೊದಲೇ ಶಾಲೆ ಶುರು. ಚುಮುಚುಮು ಬೆಳಕಿನಲ್ಲಿ ಹೋದರೆ ಬಾಗಿಲಲ್ಲಿ ರಂಗೋಲಿ, ಬೆಂಚಿನ ಮೇಲೆ ಒಗೆದ ಜಮಖಾನ, ತಟ್ಟೆಯಲ್ಲಿ ಬಿಸಿ ಉಪ್ಪಿಟ್ಟು. ಮಕ್ಕಳು ಅರಳು ಹುರಿದಂತೆ ಓದುತ್ತಿದ್ದರು. ಎಲ್ಲರೂ ಓದುತ್ತಿದ್ದರು, ನನಗೆ ಸರಿಬರದ್ದು ಅದೇ. ಮಕ್ಕಳು ತುಂಬಿದ ಮನೆಯಲ್ಲಿ ಒಂದಾದರೂ ಮಗು ತಡವರಿಸಿಯೇ ತಡವರಿಸುತ್ತದೆ. ಹಿತ್ತಲಲ್ಲಿ ಒಂದಿಷ್ಟು ಮಕ್ಕಳು ಬದನೆ ಗಿಡಗಳಿಗೆ ನೀರು ಹಾಕುತ್ತಿದ್ದವು. ಕೇಳಿದರೆ ಅದು ತೋಟದ ಪಾಠವೆಂದರು. ಮನೆಗೆ ಬಂದರೂ ತಲೆಯಲ್ಲಿ ಹುಳ ಬಿಟ್ಟ ಹಾಗಾಗಿತ್ತು.

ನನ್ನ ಮೊಮ್ಮಗಳು ಬನಶ್ರೀ ನಮ್ಮ ಪೇಟೆಯ ಶಾಲೆಯಲ್ಲಿ ಐದನೆಯ ಇಯತ್ತೆ. ಅವಳ ಉಗುರುಗಳಲ್ಲಿ ಮಣ್ಣು ಕಂಡು ಕೇಳಿದೆ.

“ಹಿಂಬೆಂಚಿನವರು ಬರೋ ದಿನ ನಮಗ ತ್ವಾಟದ ಪಾಠ ಇರತೈತಿ ಅಜ್ಜಿ. ಓದಾಕ ಬರದವರು ಹೊರಗ ಹೋಗ್ರಿ ಅಂತಾರ.”

ಅವಳು ಎಂದೂ ನೋಡದ ಪುಸ್ತಕವೊಂದನ್ನು ಮುಂದಿಟ್ಟೆ. ಒಂದು ಸಾಲೂ ಬರಲಿಲ್ಲ. ಮನೆಯಲ್ಲಿ ಇಷ್ಟು ದಿನ ಓದಿ ತೋರಿಸಿದ್ದೆಲ್ಲ ಬಾಯಿಪಾಠ.

ಮರುದಿನ ಹೇಳದೆ ಕೇಳದೆ ಅವಳ ಶಾಲೆಗೆ ನಡೆದೆ. ಮುಖ್ಯ ಶಿಕ್ಷಕಿ ಇಂದುಮತಿ ಅಕ್ಕೋರು ಬಾಗಿಲಲ್ಲೇ ಅಡ್ಡ ನಿಂತರು. “ಹೇಳಿ ಕಳಿಸಿ ಬರಬಾರದೇನ್ರೀ ಅಮ್ಮಾರ?”

“ಉಪ್ಪಿಟ್ಟು ಬ್ಯಾಡವ್ವಾ, ಕುಂಡ್ರಾಕ ಜಾಗ ಕೊಡು ಸಾಕು” ಎಂದು ಒಳಗೆ ಹೋದೆ. ಕೋಣೆ ಕಿಕ್ಕಿರಿದಿತ್ತು. ನನ್ನನ್ನು ಕಂಡದ್ದೇ ತಡ, ಅರ್ಧಕ್ಕರ್ಧ ಮಕ್ಕಳು ಪುಸ್ತಕ ಮುಚ್ಚಿ ಎದ್ದವು. ಯಾರೂ ಏನೂ ಹೇಳಿರಲಿಲ್ಲ. ಸಾಲಾಗಿ, ಸದ್ದಿಲ್ಲದೆ ಹಿತ್ತಲ ಬಾಗಿಲ ಕಡೆ ಹೊರಟವು. ಅವುಗಳ ನಡುವೆ ಬನಶ್ರೀಯೂ ಇದ್ದಳು, ನನ್ನ ಮುಖ ನೋಡಲಿಲ್ಲ.

ಅಕ್ಕೋರು ಗೋಡೆಗೆ ಒರಗಿ ಅತ್ತುಬಿಟ್ಟರು. “ಇವರನ್ನ ಒಳಗ ಕೂಡ್ರಿಸಿದ್ರ ಸಾಲಿ ಮುಚ್ಚತಾರ್ರೀ. ಮುಚ್ಚಿದ್ರ ಇವರು ಎಲ್ಲಿಗೆ ಹೋಗಬೇಕ್ರಿ?”

ಈ ಮಾತನ್ನೂ ಅನುಮಾನಿಸಿ ನೋಡಿದೆ. ಸುಳ್ಳಿರಲಿಲ್ಲ. ಓದು ಬಾರದ ಮಕ್ಕಳಿದ್ದಲ್ಲಿಗೆ ಇನ್ನೊಬ್ಬ ಅಕ್ಕೋರನ್ನು ಕಳಿಸಿ ಎಂದು ನಗರಸಭೆಯಲ್ಲಿ ಕೇಳಿದೆ, ಶಾಲೆಯ ಹೆಸರು ಮಾತ್ರ ಬಾಯಿಬಿಡಲಿಲ್ಲ. ನಿನಗೆ ಹೇಗೆ ಗೊತ್ತಾಯಿತು ಎಂದರು, ತಿಳಿಸದೆ ಹೋಗಿ ಕಂಡೆ ಎಂದೆ. ಹಾಗೆ ಹೋದದ್ದು ತಪ್ಪೆಂದು ಅವರು ನನ್ನ ಬೆಂಚನ್ನೇ ಕಿತ್ತುಕೊಂಡರು. ಈಗ ಬನಶ್ರೀಯನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾನೇ ಅಕ್ಷರ ತೀಡಿಸುತ್ತೇನೆ. ಉಳಿದ ಮಕ್ಕಳು ಬದನೆ ಗಿಡಗಳ ಹತ್ತಿರವೇ ಇದ್ದಾರೆ.

ನಮ್ಮ ಕಾಯಿದೆ ನಿಮ್ಮಲ್ಲಿನ್ನೂ ಹುಟ್ಟಿಲ್ಲ. ನಿಮ್ಮನ್ನು ಯಾರೂ ತಡೆಯುವುದಿಲ್ಲ. ನಿಮ್ಮ ಓಣಿಯ ಶಾಲೆಗೆ ಹೋಗಿ. ಹೇಳದೆ ಹೋಗಿ. ತಪ್ಪು ಕಂಡರೆ ಬೀಗ ಹಾಕಿಸಲು ಓಡಬೇಡಿ, ಕೂತು ಓದಿಸಿ. ನಾಳೆ ಹೋದರಾಯಿತು ಎಂದು ನೀವು ಅಂದುಕೊಳ್ಳುತ್ತಿದ್ದೀರಿ ಎಂಬ ಗುಮಾನಿಯೂ ನನಗಿದೆ.

ಬರೆಯುತ್ತಿದ್ದಾಗ ಬನಶ್ರೀ ಬಂದು, “ಇದರಾಗ ನನ್ನ ಹೆಸರು ಎಲ್ಲೈತಿ ಅಜ್ಜಿ?” ಎಂದಳು. ಬೆರಳಿಟ್ಟು ತೋರಿಸಿದೆ. ನಿಮ್ಮ ಶಾಲೆಯಲ್ಲಿ ಹೀಗೆ ಕೇಳಬೇಕಾದ ಮಗು ಯಾವುದೆಂದು ನಿಮಗೆ ಗೊತ್ತಿದೆಯೇ?

ಕಸ್ತೂರೆವ್ವ ಹಾವನೂರ